ಆ ವಿದೇಶಿ ಟೀಚರ್ ನಾನೇ ಆಗಿದ್ದೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಬಳ್ಳಾರಿಯ ಹಿರಿಯರೊಬ್ಬರು ಬರೆದದ್ದನ್ನು ಓದಿದೆ. ಜಪಾನ್ ಮಾಡಿದ ಹಾಗೆ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ಇಂಗ್ಲಿಷ್ ಕಲಿಸಲು ವಿದೇಶಿ ಶಿಕ್ಷಕರನ್ನು ಕರೆಸಬೇಕು, ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗಕ್ಕೆ ಬರುವ ದುಡ್ಡಿನಲ್ಲಿ ಒಂದಿಷ್ಟು ಇದಕ್ಕೆ ಇಡಬೇಕು ಅಂತ ಅವರ ಸಲಹೆ. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದರು. ಜಪಾನಿನ ಮಕ್ಕಳು ತಮ್ಮ ಶಾಲೆಯನ್ನು ತಾವೇ ಗುಡಿಸುತ್ತಾರೆ, ನಮ್ಮಲ್ಲಿ ಮಕ್ಕಳ ಕೈಗೆ ಪೊರಕೆ ಕೊಟ್ಟರೆ ಊರೇ ಗಲಾಟೆ ಮಾಡುತ್ತದೆ ಎಂದು.

ಅವರ ಕಾಳಜಿ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವರು ಕರೆಸಬೇಕು ಅನ್ನುತ್ತಿರುವ ಆ ವಿದೇಶಿ ಟೀಚರ್ ಇದ್ದಾರಲ್ಲ, ಅದು ನಾನೇ ಆಗಿದ್ದೆ. 2023ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಜಪಾನಿನ ನೀಗಾಟ ಪ್ರಾಂತ್ಯದ ನಾಗಾವೊಕ ಎಂಬ ಊರಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದೆ. ಈಗ ಕುರುಗೋಡು ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅಲ್ಲಿಯೂ ಅತಿಥಿ, ಇಲ್ಲಿಯೂ ಅತಿಥಿ. ಹಾಗಾಗಿ ನಾಲ್ಕು ಮಾತು ಬರೆಯೋಣ ಅನ್ನಿಸಿತು. ಪತ್ರ ಉದ್ದವಾಗಿದೆ. ಎಲ್ಲಿ ಬೇಕಾದರೂ ಕತ್ತರಿಸಿ, ಆದರೆ ಹೆಸರು ಮಾತ್ರ ಹಾಕಬೇಡಿ.

ನಾನು ಹುಟ್ಟಿದ್ದು ಸಂಡೂರು ತಾಲ್ಲೂಕಿನಲ್ಲಿ. ಅಪ್ಪ ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ನಾವು ತೆಗೆದ ಅದಿರು ರೈಲು ಹತ್ತಿ ಮದ್ರಾಸಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಜಪಾನಿಗೆ ಹೋಗುತ್ತದೆ ಎಂದು ನಾನು ಸಣ್ಣವಳಿದ್ದಾಗ ಹೇಳುತ್ತಿದ್ದರು. ಆಗ ಜಪಾನ್ ಅಂದರೆ ನನಗೆ ಅಷ್ಟೇ, ನಮ್ಮ ಕೆಂಪು ಮಣ್ಣು ಹೋಗಿ ಬೀಳುವ ಜಾಗ. ಮುಂದೆ ನಾನೇ ಅಲ್ಲಿ ಹೋಗಿ ಬೀಳುತ್ತೇನೆ ಅಂತ ಯಾರಿಗೆ ಗೊತ್ತಿತ್ತು? ನಮ್ಮ ಮನೆಯವರಿಗೆ ನಾಗಾವೊಕದ ಒಂದು ಯಂತ್ರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಾನು ಹಿಂದೆ ಹೋದೆ. ಸುಮ್ನೆ ಮನೆಯಲ್ಲಿ ಕೂರಲಾಗದೆ ಕೆಲಸ ಹುಡುಕಿದೆ.

ಜಪಾನ್ ಸರ್ಕಾರ ವಿದೇಶಿ ಯುವಕರನ್ನು ಶಾಲೆಗಳಿಗೆ ಕರೆಸುವ ಜೆಟ್ ಎಂಬ ಯೋಜನೆಯನ್ನು 1987ರಲ್ಲಿ ಶುರು ಮಾಡಿತು. ಅದರಲ್ಲಿ ಬರುವವರಲ್ಲಿ ಅಮೆರಿಕದವರೇ ಜಾಸ್ತಿ. ನಾನು ಸೇರಿದ್ದು ಅದರಲ್ಲಲ್ಲ, ಊರಿನ ಶಾಲೆಗಳಿಗೆ ಟೀಚರ್‌ಗಳನ್ನು ಒದಗಿಸುವ ಒಂದು ಖಾಸಗಿ ಕಂಪನಿಗೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಹೊರಗುತ್ತಿಗೆ. ವೀಸಾ ಬದಲಾಯಿಸಲು ಹೋದಾಗ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದಕ್ಕೆ ದಾಖಲೆ ಕೇಳಿದರು. ಟೌನ್‌ಶಿಪ್ಪಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ್ದು ಆಗ ಉಪಯೋಗಕ್ಕೆ ಬಂತು. ಆ ಹಳೇ ಕಾಗದಗಳನ್ನು ಟ್ರಂಕಿನಿಂದ ಹುಡುಕಿ ತೆಗೆದು ಕಳಿಸಲು ಅಮ್ಮನಿಗೆ ಎರಡು ವಾರ ಹಿಡಿಯಿತು.

ಆ ಕೆಲಸದ ಹೆಸರಲ್ಲೇ ‘ಸಹಾಯಕ’ ಅಂತ ಇದೆ. ಸಹಾಯಕ ಭಾಷಾ ಶಿಕ್ಷಕಿ. ನಾನು ಒಂದು ಹೈಸ್ಕೂಲು, ನಾಲ್ಕು ಪ್ರಾಥಮಿಕ ಶಾಲೆ ಸುತ್ತಬೇಕಿತ್ತು. ಇಂಥ ದಿನ ಇಂಥ ಶಾಲೆ ಅಂತ ತಿಂಗಳ ಮೊದಲೇ ಚಾರ್ಟ್ ಬರುತ್ತಿತ್ತು. ಬೇಸಿಗೆಯಲ್ಲಿ ಸೈಕಲ್, ಹಿಮ ಬಿದ್ದ ಮೇಲೆ ಬಸ್ಸು. ಶಾಲೆ ಬಾಗಿಲಲ್ಲಿ ಹೊರಗಿನ ಬೂಟು ಬಿಚ್ಚಿ ಗೂಡಿನಲ್ಲಿಟ್ಟು ಒಳಗಿನ ಬೂಟು ಹಾಕಿಕೊಳ್ಳಬೇಕು. ಐದು ಶಾಲೆ, ಐದು ಜೊತೆ ಒಳಬೂಟು! ಒಂದು ದಿನ ಮರೆತು ಹೋದಾಗ ಅತಿಥಿಗಳಿಗೆ ಇಟ್ಟಿದ್ದ ಹಸಿರು ಚಪ್ಪಲಿ ಕೊಟ್ಟರು. ಅದರ ಮೇಲೆ ಶಾಲೆಯ ಹೆಸರು ಬಂಗಾರದ ಬಣ್ಣದಲ್ಲಿತ್ತು. ಇಡೀ ದಿನ ಚಟಪಟ ಸದ್ದು ಮಾಡಿಕೊಂಡು ಓಡಾಡಿದೆ, ಮಕ್ಕಳು ಹಿಂದಿನಿಂದ ನಗುತ್ತಿದ್ದವು.

ಎಂಟೂಕಾಲಿಗೆ ಶಿಕ್ಷಕರ ಕೋಣೆಯಲ್ಲಿ ಸಭೆ. ಎಲ್ಲರಿಗೂ ಒಂದೊಂದು ಮೇಜು, ನನಗೆ ಮೂಲೆಯಲ್ಲಿ ಒಂದು. ಉಪ ಮುಖ್ಯೋಪಾಧ್ಯಾಯರು ಏನೇನೋ ಓದಿ ಹೇಳುತ್ತಿದ್ದರು. ಮೊದಲ ಆರು ತಿಂಗಳು ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಎಲ್ಲರೂ ತಲೆ ಬಾಗಿಸಿದಾಗ ನಾನೂ ಬಾಗಿಸುತ್ತಿದ್ದೆ. ಒಂದು ಸಲ ಮಾತ್ರ ಎಲ್ಲರೂ ನನ್ನನ್ನೇ ನೋಡಿ ಬಾಗಿಸಿದರು. ನಾನೂ ಬಾಗಿಸಿದೆ. ಆಮೇಲೆ ಗೊತ್ತಾಯಿತು, ಅದು ನನ್ನನ್ನೇ ಪರಿಚಯ ಮಾಡಿಸುತ್ತಿದ್ದದ್ದು, ನಾನು ಎರಡು ಮಾತು ಆಡಬೇಕಿತ್ತು.

ಪಾಠದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಆ ಹಿರಿಯರು ಕೇಳಿದ್ದು ಅದನ್ನೇ. ಜಪಾನಿನಲ್ಲಿ 2020ರಿಂದ ಮೂರು, ನಾಲ್ಕನೇ ತರಗತಿಗೆ ವರ್ಷಕ್ಕೆ 35 ಪಿರಿಯಡ್, ಐದು, ಆರನೇ ತರಗತಿಗೆ 70 ಪಿರಿಯಡ್ ಇಂಗ್ಲಿಷ್ ಕಡ್ಡಾಯ. ನಮ್ಮಲ್ಲಿ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಂದರೆ ಈ ವಿಷಯದಲ್ಲಿ ನಾವೇ ಮುಂದೆ. ನಾನು ಪ್ರತಿ ಪ್ರಾಥಮಿಕ ಶಾಲೆಗೆ ಎರಡು ವಾರಕ್ಕೊಮ್ಮೆ ಹೋಗುತ್ತಿದ್ದೆ. ಮೂರನೇ ತರಗತಿಯ ಒಂದು ಮಗು ವರ್ಷಕ್ಕೆ ನನ್ನನ್ನು ನೋಡುತ್ತಿದ್ದದ್ದು 17 ಸಲ, ಒಂದೊಂದು ಸಲ 45 ನಿಮಿಷ. ಒಟ್ಟು ಲೆಕ್ಕ ಹಾಕಿದರೆ 13 ಗಂಟೆ ಆಗಲ್ಲ. ಬಳ್ಳಾರಿಯಿಂದ ರಾತ್ರಿ ಹೊರಟು ಬೆಂಗಳೂರಿಗೆ ಹೋಗಿ ಬರುವಷ್ಟು ಹೊತ್ತು. ಅಷ್ಟರಲ್ಲಿ ವಿದೇಶಿಯಾಗಲಿ ದೇವಲೋಕದವರಾಗಲಿ ಏನು ಕಲಿಸಲಿಕ್ಕೆ ಆಗುತ್ತೆ?

ಹೈಸ್ಕೂಲಿನಲ್ಲಿ ಇನ್ನೊಂದು ಥರ. ಅಲ್ಲಿ ಜಪಾನಿ ಇಂಗ್ಲಿಷ್ ಟೀಚರ್ ಪಾಠ ಮಾಡುತ್ತಾರೆ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಅವರು ಕೈ ತೋರಿಸಿದಾಗ ಪುಸ್ತಕದ ಒಂದು ಪ್ಯಾರಾ ಓದಬೇಕು, ಮಕ್ಕಳು ಹಿಂದೆ ಹೇಳಬೇಕು. ಮತ್ತೆ ನಿಲ್ಲಬೇಕು. ಈ ಕೆಲಸ ಮಾಡುವವರು ತಮ್ಮನ್ನು ತಾವೇ ‘ನಡೆದಾಡುವ ಟೇಪ್ ರೆಕಾರ್ಡರ್’ ಅಂದುಕೊಂಡು ನಗುತ್ತಾರೆ. ಕೆಲವು ಟೀಚರ್‌ಗಳು ನನ್ನನ್ನು ಚೆನ್ನಾಗಿ ಬಳಸಿಕೊಂಡರು, ಕೂತು ಮಾತಾಡಿ ಪಾಠ ಕಟ್ಟಿದೆವು. ಕೆಲವರಿಗೆ ಅಷ್ಟು ಪುರುಸೊತ್ತೇ ಇರಲಿಲ್ಲ. ಅವರನ್ನು ಬೈಯಲಾರೆ. ರಾತ್ರಿ ಏಳಾದರೂ ಎಂಟಾದರೂ ಅವರು ಶಾಲೆಯಲ್ಲೇ ಇರುತ್ತಿದ್ದರು. ಹೆಚ್ಚಿನ ಹೊತ್ತಿನ ದುಡಿಮೆಗೆ ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಬೇರೆ ಲೆಕ್ಕವಿಲ್ಲ, 1971ರ ಒಂದು ಕಾನೂನಿನ ಪ್ರಕಾರ ಸಂಬಳದ ಮೇಲೆ ಶೇ 4 ಕೊಟ್ಟು ಮುಗಿಸುತ್ತಿದ್ದರು. ಜಪಾನ್ ಅಂದರೆ ಎಲ್ಲಾ ಸೊಗಸು ಅಂತ ತಿಳಿಯುವವರು ಇದನ್ನೂ ತಿಳಿಯಲಿ.

ಕ್ಲಾಸಿಗೆ ಕಾಲಿಟ್ಟ ಕೂಡಲೇ ಲೀಡರ್ ಕೂಗುತ್ತಾನೆ, ಎಲ್ಲರೂ ಎದ್ದು ಬಾಗಿ ಕೂರುತ್ತಾರೆ. ‘ಹೌ ಆರ್ ಯು?’ ಅಂದರೆ ಮೂವತ್ತು ಬಾಯಿ ಒಂದೇ ರಾಗದಲ್ಲಿ ‘ಐಯಾಮ್ ಫೈನ್ ಥ್ಯಾಂಕ್ಯು ಅಂಡ್ ಯು?’ ನನಗೆ ನಗು ತಡೆಯಲಾಗಲಿಲ್ಲ. ನಮ್ಮೂರ ಶಾಲೆಗಳ ‘ಗುಡ್ ಮಾರ್ನಿಂಗ್ ಮೇ...ಡಂ’ ಇದೇ ರಾಗ ಅಲ್ವಾ? ಮೈಗೆ ಜ್ವರವಿರುವ ಹುಡುಗಿಯೂ ‘ಫೈನ್’.

ಒಂದು ವಿಷಯ ನಾನು ನಿರೀಕ್ಷಿಸಿರಲಿಲ್ಲ. ಅಲ್ಲಿ ನನ್ನ ನೆರವಿಗೆ ಬಂದದ್ದು ಇಂಗ್ಲಿಷಲ್ಲ, ಕನ್ನಡ. ಜಪಾನಿ ಕಲಿಯಲು ಇಂಗ್ಲಿಷ್ ಪುಸ್ತಕ ಹಿಡಿದು ಎರಡು ತಿಂಗಳು ಒದ್ದಾಡಿದೆ. ಆಮೇಲೆ ಒಂದು ದಿನ ತಲೆಯಲ್ಲಿ ಬಲ್ಬು ಹತ್ತಿತು. ‘ವತಾಶಿ ವ ಗಕ್ಕೋ ಎ ಇಕಿಮಾಸು’ ಅಂದರೆ ‘ನಾನು ಶಾಲೆಗೆ ಹೋಗುತ್ತೇನೆ’. ಮಾತುಗಳ ಸಾಲು ಹಾಗೇ ಇದೆ. ‘ಎ’ ಅಂದರೆ ನಮ್ಮ ‘ಗೆ’, ಹೆಸರಿನ ಹಿಂದೆ ಬಂದು ಕೂರುತ್ತದೆ. ಕೊನೆಗೆ ‘ಕ’ ಹಚ್ಚಿದರೆ ಪ್ರಶ್ನೆ, ನಾವು ‘ಹೋಗ್ತೀರಾ’ ಅಂತ ಕೊನೆಗೆ ‘ಆ’ ಎಳೆದ ಹಾಗೆ. ನಮ್ಮ ‘ಅಂತ’ ಇದೆಯಲ್ಲ, ‘ಬರ್ತೀನಿ ಅಂತ ಹೇಳಿದ’ ಅನ್ನುವಾಗಿನದು, ಅದಕ್ಕೂ ಅವರಲ್ಲಿ ‘ತೊ’ ಅಂತ ಒಂದಿದೆ. ಮಾತಿನ ಕೊನೆಗೆ ‘ನೆ’ ಅನ್ನುತ್ತಾರೆ, ಅದು ನಮ್ಮ ‘ಅಲ್ವಾ’. ಆವತ್ತಿನಿಂದ ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡೆ.

ಉಚ್ಚಾರವೂ ಹಾಗೇ. ಅವರಿಗೆ ಮಾತು ಗಂಟಲಲ್ಲಿ ನಿಲ್ಲಬಾರದು, ಕೊನೆಗೆ ಒಂದು ಸ್ವರ ಬೇಕು. ಬಸ್ಸಿಗೆ ‘ಬಸು’, ಕ್ಲಾಸಿಗೆ ‘ಕುರಸು’, ಗ್ಲಾಸಿಗೆ ‘ಗುರಸು’, ಹೋಟೆಲಿಗೆ ‘ಹೊತೆರು’. ನಮ್ಮ ಅಜ್ಜಿ ಬಸ್ಸು, ಕ್ಲಾಸು, ಗ್ಲಾಸು, ಹೋಟ್ಲು ಅನ್ನುತ್ತಿರಲಿಲ್ಲವೇ? ಅಲ್ಲಿ ಲ ಇಲ್ಲ, ಎಲ್ಲಕ್ಕೂ ರ. ಮ್ಯಾಕ್‌ಡೊನಾಲ್ಡ್ಸ್ ‘ಮಕುದೊನರುದೊ’ ಆಗುತ್ತದೆ. ನನ್ನ ಹೆಸರಿನಲ್ಲಿ ಲ-ಳ ಎರಡೂ ಇವೆ. ಅದು ಎರಡು ವರ್ಷದಲ್ಲಿ ಏನೇನು ಆಯಿತು ಅಂತ ಇಲ್ಲಿ ಬರೆಯಲ್ಲ.

ಈ ಕಾರಣಕ್ಕೆ ಮಕ್ಕಳು ಎಲ್ಲಿ ತಪ್ಪುತ್ತಾರೆ ಅಂತ ನನಗೆ ಮೊದಲೇ ಗೊತ್ತಾಗುತ್ತಿತ್ತು. ‘ಐ ಟೂ ಪೆನ್ ಹ್ಯಾವ್’ ಅಂತ ಒಬ್ಬ ಬರೆದ. ಜೊತೆಗೆ ಕೆಲಸ ಮಾಡುತ್ತಿದ್ದ ಅಮೆರಿಕದ ಹುಡುಗ, ಪಾಪ ಒಳ್ಳೆಯವನೇ, ಇದು ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಂಡ. ನನಗೆ ಅದರಲ್ಲಿ ಆಶ್ಚರ್ಯವೇ ಇರಲಿಲ್ಲ. ಕ್ರಿಯಾಪದ ಕೊನೆಗೆ ಬರಬೇಕು ಅಂತ ಆ ಹುಡುಗನ ತಾಯಿನುಡಿ ಹೇಳುತ್ತಿದೆ. ಎರಡು ಅಂದ ಮೇಲೆ ಪೆನ್ನಿಗೆ ಮತ್ತೆ ಬಹುವಚನ ಯಾಕೆ? ನಾವೂ ‘ಎರಡು ಪೆನ್ನು ಕೊಡು’ ಅನ್ನುತ್ತೇವೆ, ‘ಎರಡು ಪೆನ್ನುಗಳನ್ನು’ ಅನ್ನಲ್ಲ. ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ಬರುವ ‘ಎ’, ‘ದ’ ಅನ್ನುವವು ಅವರ ಭಾಷೆಯಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಇವತ್ತು ನಮ್ಮ ಹಳ್ಳಿಯ ಒಂಬತ್ತನೇ ತರಗತಿಯ ಹುಡುಗ ಬರೆಯುವ ತಪ್ಪು ನಾಗಾವೊಕದ ಆ ಹುಡುಗನ ತಪ್ಪೇ. ಅದನ್ನು ಎಲ್ಲಿಂದ ಬಿಡಿಸಬೇಕು ಅಂತ ತಿಳಿಯಲು ಟೀಚರ್‌ಗೆ ಮಗುವಿನ ಭಾಷೆ ಗೊತ್ತಿರಬೇಕು. ಕನ್ನಡದ ಗಾಳಿಯೇ ಸೋಕದವರನ್ನು ವಿಮಾನದಲ್ಲಿ ಕರೆತಂದರೆ ಮಕ್ಕಳು ಒಂದು ವಾರ ಅವರ ಕೂದಲ ಬಣ್ಣ ನೋಡುತ್ತಾರೆ. ಆಮೇಲೆ?

ಲಾಭವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬೇರೆ ದೇಶದವರ ಮುಖ ಕಂಡರೆ ಓಡುತ್ತಿದ್ದ ಮಕ್ಕಳು ಆರು ತಿಂಗಳಲ್ಲಿ ನನ್ನ ಸೈಕಲ್ ಹಿಂದೆ ಓಡಿ ಬರುತ್ತಿದ್ದವು. ‘ಇಂಡಿಯಾದಲ್ಲಿ ದಿನಾ ಮೂರು ಹೊತ್ತೂ ಕರಿ ತಿಂತೀರಾ?’ ಇದು ನೂರು ಸಲ ಬಂದ ಪ್ರಶ್ನೆ. ‘19ರ ಮಗ್ಗಿವರೆಗೂ ಬಾಯಿಪಾಠವಂತೆ ಹೌದಾ?’ ಇದು ಎರಡನೇದು. ಅದನ್ನು ಅಲ್ಲಿ ಎಲ್ಲರೂ ನಂಬುತ್ತಾರೆ. ಹದಿನೇಳೆಂಟ್ಲ ಎಷ್ಟು ಅಂತ ಒಬ್ಬಳು ತಟ್ಟನೆ ಕೇಳಿದಳು. ದೇಶದ ಮಾನ ನನ್ನ ಕೈಯಲ್ಲಿತ್ತು. 136 ಅಂದೆ, ಬೆನ್ನು ಬೆವರಿತು.

ಈಗ ಕೆಂಪು ರಸ್ತೆಯ ಕಥೆ ಹೇಳಲೇಬೇಕು. ನೀಗಾಟ ಹಿಮದ ನಾಡು. ನಾಗಾವೊಕದಲ್ಲಿ ರಸ್ತೆಯ ನಡುವೆ ಪೈಪು ಹೂತು, ನೆಲದಡಿಯ ನೀರನ್ನು ಸಣ್ಣ ಸಣ್ಣ ತೂತುಗಳಿಂದ ಚಿಮ್ಮಿಸುತ್ತಾರೆ. ಆ ನೀರು ಹಿಮಕ್ಕಿಂತ ಬೆಚ್ಚಗಿರುವುದರಿಂದ ಬಿದ್ದ ಹಿಮ ಕರಗಿ ಹರಿದು ಹೋಗುತ್ತದೆ. ಈ ಉಪಾಯ ಮೊದಲು ಹುಟ್ಟಿದ್ದೇ ಆ ಊರಿನಲ್ಲಂತೆ. ಮೊದಲ ಚಳಿಗಾಲದ ಒಂದು ಬೆಳಿಗ್ಗೆ ಬಸ್ಸಿಳಿದು ನೋಡುತ್ತೇನೆ, ಎರಡೂ ಕಡೆ ಮಂಡಿವರೆಗೆ ಬಿಳಿ ಹಿಮ, ನಡುವೆ ರಸ್ತೆ ಪೂರ್ತಿ ಕೆಂಪು. ತುಕ್ಕಿನ ಕೆಂಪು. ಪಕ್ಕದ ಗೋಡೆಯ ಬುಡವೂ ಕೆಂಪು. ಸಂಡೂರಿನಿಂದ ತೋರಣಗಲ್ಲಿಗೆ ಹೋಗುವ ದಾರಿಯನ್ನು ಯಾರೋ ಎತ್ತಿ ತಂದು ಹಿಮದ ನಡುವೆ ಹಾಸಿದ ಹಾಗಿತ್ತು. ಹತ್ತು ನಿಮಿಷ ಅಲ್ಲೇ ನಿಂತೆ. ಕಾಲು ಮರಗಟ್ಟಿತು.

ಶಾಲೆಗೆ ಹೋಗಿ ಉಪ ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರು ಚೀಟಿಯ ಮೇಲೆ ಒಂದೇ ಅಕ್ಷರ ಬರೆದು ‘ತೆತ್ಸು’ ಅಂದರು. ಕಬ್ಬಿಣ. ನೆಲದಡಿಯ ನೀರಿನಲ್ಲಿ ಕಬ್ಬಿಣದ ಅಂಶವಿದೆ, ಗಾಳಿ ತಾಕಿ ತುಕ್ಕಾಗಿ ರಸ್ತೆಗೆ ಅಂಟುತ್ತದೆ ಎಂದು. ಆವತ್ತೇ ರಾತ್ರಿ ಅಣ್ಣನಿಗೆ ಹೇಳಿ ನಮ್ಮೂರ ರಸ್ತೆಯ ಫೋಟೊ ತರಿಸಿಕೊಂಡೆ. ಅದಿರಿನ ಲಾರಿ, ಕೆಂಪು ಧೂಳು, ಕೆಂಪು ಎಲೆಯ ಬೇವಿನ ಮರ, ಕೆಂಪಾದ ಒಂದು ನಾಯಿ. ಮರುವಾರ ಐದನೇ ತರಗತಿಯಲ್ಲಿ ಎರಡೂ ಫೋಟೊ ಪಕ್ಕಪಕ್ಕದಲ್ಲಿ ತೋರಿಸಿದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನಿದ್ದ. ಎಂಟು ತಿಂಗಳಲ್ಲಿ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಕೇಳಿದರೆ ಕಿವಿ ಕೆಂಪಾಗುತ್ತಿತ್ತು, ಅಷ್ಟೇ. ಅವನು ಎದ್ದು ನಿಂತು ‘ಸೇಮು! ರೋಡೊ ಸೇಮು!’ ಅಂದ. ಇಡೀ ಕ್ಲಾಸು ಅವನ ಕಡೆ ತಿರುಗಿತು. ನನ್ನ ಊರಿನ ಕಬ್ಬಿಣ ನಿನ್ನ ಸೈಕಲ್ಲಿನಲ್ಲೂ ಇರಬಹುದು ಅಂತ ನನ್ನ ಮುರುಕು ಜಪಾನಿಯಲ್ಲಿ ಹೇಳಿದೆ. ಊಟಕ್ಕೆ ಹೋಗುವಾಗ ಅವನು ಕಿಟಕಿಯಿಂದ ಸೈಕಲ್ ಶೆಡ್ ನೋಡುತ್ತಾ ನಿಂತಿದ್ದ.

ಊಟದ ಮಾತೂ ಬಂತು. ಅಲ್ಲಿ ಬಿಸಿಯೂಟವನ್ನು ಮಕ್ಕಳೇ ಬಡಿಸುತ್ತಾರೆ. ಬಿಳಿ ಏಪ್ರನ್, ಬಿಳಿ ಟೋಪಿ, ವಾರಕ್ಕೊಂದು ಗುಂಪು. ಶುಕ್ರವಾರ ಏಪ್ರನ್ ಮನೆಗೆ ಒಯ್ದು ಒಗೆದು ತರಬೇಕು. ಮುಖ್ಯೋಪಾಧ್ಯಾಯರು ಎಲ್ಲರಿಗಿಂತ ಮುಂಚೆ ಉಂಡು ಸರಿಯಿದೆ ಅನ್ನಬೇಕು, ಆಮೇಲೇ ಮಕ್ಕಳಿಗೆ. ದಿನಾ 200 ಮಿ.ಲೀ. ಹಾಲು, ಅನ್ನದ ಜೊತೆಗೂ ಹಾಲು. ಕ್ಲಾಸ್ ಟೀಚರ್ ಅದೇ ಕೋಣೆಯಲ್ಲಿ ಅದೇ ತಟ್ಟೆಯಲ್ಲಿ ಅದೇ ಊಟ ಮಾಡುತ್ತಾರೆ. ನಾನು ದನ, ಹಂದಿ ತಿನ್ನಲ್ಲ. ತಿಂಗಳ ಮೊದಲೇ ಮೆನು ಕೊಡುತ್ತಿದ್ದರು. ಒಬ್ಬ ಟೀಚರ್ ತಾವಾಗಿಯೇ ಅದರಲ್ಲಿ ಹಂದಿ ಇರುವ ದಿನಕ್ಕೆಲ್ಲ ಕೆಂಪು ಗುರುತು ಹಾಕಿ ನನ್ನ ಮೇಜಿನ ಮೇಲಿಡುತ್ತಿದ್ದರು. ಆ ದಿನ ಚಪಾತಿ ಒಯ್ಯುತ್ತಿದ್ದೆ. ‘ನಾನ್! ನಾನ್!’ ಅಂತ ಮಕ್ಕಳು ಮುತ್ತುತ್ತಿದ್ದವು. ನಾನ್ ಅಲ್ಲ ಚಪಾತಿ ಅಂತ ತಿದ್ದಿ ತಿದ್ದಿ ಸಾಕಾಗಿ ಕೊನೆಗೆ ಆಯ್ತು ನಾನ್ ಅಂದುಬಿಟ್ಟೆ.

ಅಕ್ಕಿಯ ಬಗ್ಗೆ ಒಂದೇ ಮಾತು, ಸಿರುಗುಪ್ಪ ಕಡೆಯವರು ಮೆಚ್ಚುತ್ತಾರೆ. ನೀಗಾಟದ ಅಕ್ಕಿ ಇಡೀ ಜಪಾನಿಗೇ ಹೆಸರುವಾಸಿ. ನಾವು ಸೋನಾ ಮಸೂರಿ ತರುವಾಗ ಹಳೇ ಅಕ್ಕಿ ಕೊಡಪ್ಪ, ಅನ್ನ ಉದುರುದುರಾಗಿ ಬರಬೇಕು ಅನ್ನುತ್ತೇವೆ. ಅವರಿಗೆ ಹೊಸ ಅಕ್ಕಿಯೇ ಹಬ್ಬ. ಕೊಯ್ಲಾದ ಕೂಡಲೇ ಪಕ್ಕದ ಮನೆಯ ಅಜ್ಜಿ ಐದು ಕೆಜಿ ಹೊಸ ಅಕ್ಕಿ ತಂದುಕೊಟ್ಟರು. ನಾನು ಒಂದು ವರ್ಷ ಇಟ್ಟು ಹಳೇದಾದ ಮೇಲೆ ಮಾಡೋಣ ಅಂತ ಡಬ್ಬಿಗೆ ಹಾಕಿದೆ. ವಾರ ಬಿಟ್ಟು ‘ಹೇಗಿತ್ತು?’ ಅಂತ ಕೇಳಿದರು. ನಿಜ ಹೇಳಿದೆ. ಆ ಅಜ್ಜಿಯ ಮುಖ ನೋಡಬೇಕಿತ್ತು.

ಇನ್ನು ಪೊರಕೆ. ಹೌದು, ಮಕ್ಕಳು ಗುಡಿಸುತ್ತಾರೆ. ದಿನಾ ಹದಿನೈದು ನಿಮಿಷ, ಸ್ಪೀಕರಿನಲ್ಲಿ ಹಾಡು ಬರುತ್ತದೆ. ಹಳೇ ಟವೆಲ್ ಹೊಲಿದು ಮಾಡಿದ ಒರೆಸು ಬಟ್ಟೆಯನ್ನು ಎರಡೂ ಕೈಯಲ್ಲಿ ನೆಲಕ್ಕೊತ್ತಿ, ಕಾಲೂರಿ, ಉದ್ದಕ್ಕೂ ಓಡುತ್ತಾರೆ. ಆದರೆ ಹಿರಿಯರು ಬರೆಯದೆ ಬಿಟ್ಟ ಒಂದು ಮಾತಿದೆ. ಆಗ ಟೀಚರೂ ಒರೆಸುತ್ತಾರೆ. ಮುಖ್ಯೋಪಾಧ್ಯಾಯರು ಅಂಗಳದಲ್ಲಿ ಕಳೆ ಕೀಳುತ್ತಿದ್ದರು. ಡಾಕ್ಟರ ಮಗಳಿಗೂ ಪಾಳಿ, ಗಾರೆ ಕೆಲಸದವನ ಮಗನಿಗೂ ಪಾಳಿ, ಯಾರಿಗೂ ವಿನಾಯಿತಿ ಇಲ್ಲ. ನನಗೆ ಆರನೇ ತರಗತಿಯ ನಾಲ್ಕು ಮಕ್ಕಳ ಜೊತೆ ಎರಡನೇ ಮಹಡಿಯ ಶೌಚಾಲಯ. ಮೊದಲ ದಿನ ಬ್ರಷ್ ಹಿಡಿಯುವುದು ಹೇಗೆಂದು ಅವರೇ ಹೇಳಿಕೊಟ್ಟರು. ನಮ್ಮಲ್ಲಿ ಗಲಾಟೆ ಆಗುವುದು ಮಗು ಪೊರಕೆ ಹಿಡಿಯಿತು ಅಂತಲ್ಲ. ಯಾವ ಮಗುವಿನ ಕೈಗೆ ಕೊಟ್ಟರು, ಮೇಷ್ಟ್ರು ಆಗ ಎಲ್ಲಿದ್ದರು ಅಂತ. ನಾನು ಓದುವಾಗಲೂ ಕಕ್ಕಸು ತೊಳೆಯಲು ಹೋಗುತ್ತಿದ್ದದ್ದು ಅದೇ ಇಬ್ಬರು ಹುಡುಗಿಯರು. ಅವರು ಯಾವ ಕೇರಿಯವರು ಅಂತ ನಾನು ಬರೆಯಬೇಕಾಗಿಲ್ಲ, ಓದುವವರಿಗೆಲ್ಲ ಗೊತ್ತು.

ಅಲ್ಲಿಯೂ ಖಾಲಿ ಕುರ್ಚಿಗಳಿದ್ದವು. ನಾನು ಹೋಗುತ್ತಿದ್ದ ಹೈಸ್ಕೂಲಿನ ಒಂದೊಂದು ಕ್ಲಾಸಿನಲ್ಲಿ ಒಂದೋ ಎರಡೋ. ಮಕ್ಕಳು ಶಾಲೆಗೆ ಬರಲ್ಲ, ಮನೆಯಲ್ಲೇ ಬಾಗಿಲು ಹಾಕಿಕೊಂಡು ಇರುತ್ತಾರೆ. 2023ರ ಸಾಲಿನಲ್ಲಿ ಇಡೀ ದೇಶದಲ್ಲಿ ಅಂಥ ಮಕ್ಕಳು 3 ಲಕ್ಷ 40 ಸಾವಿರಕ್ಕೂ ಜಾಸ್ತಿ. ನಮ್ಮ ಹಳ್ಳಿಯಲ್ಲಿ ಜನವರಿ ಬಂದರೆ ಕುರ್ಚಿ ಖಾಲಿ, ಮೆಣಸಿನಕಾಯಿ ಬಿಡಿಸಲು ಹೋಗಿರುತ್ತಾರೆ. ಕಾರಣ ಬೇರೆ. ಯಾವುದು ವಾಸಿ ಅಂತ ನನಗೆ ಹೇಳಲು ಬರಲ್ಲ.

ಸಂಬಳದ ವಿಷಯ. ನನಗೆ ತಿಂಗಳಿಗೆ 2,20,000 ಯೆನ್, ಸುಮಾರು ಒಂದೂಕಾಲು ಲಕ್ಷ ರೂಪಾಯಿ. ಕೇಳಲು ದೊಡ್ಡದು. ಬಾಡಿಗೆ, ವಿಮೆ, ಎರಡನೇ ವರ್ಷದಿಂದ ಹಿಂದಿನ ವರ್ಷದ ಗಳಿಕೆ ಮೇಲೆ ಬೀಳುವ ಊರಿನ ತೆರಿಗೆ, ಚಳಿಗಾಲದ ಸೀಮೆಎಣ್ಣೆ ಕಳೆದರೆ ಅಂಥಾದ್ದೇನಿಲ್ಲ. ಆಗಸ್ಟ್‌ನಲ್ಲಿ ಶಾಲೆಗೆ ರಜೆ, ಕಂಪನಿ ಅರ್ಧ ಸಂಬಳ ಮಾತ್ರ ಕೊಡುತ್ತಿತ್ತು. ಆಗಸ್ಟ್ 2 ಮತ್ತು 3ರ ರಾತ್ರಿ ಶಿನಾನೊ ನದಿ ದಂಡೆಯಲ್ಲಿ ನಾಗಾವೊಕದ ಪ್ರಸಿದ್ಧ ಬಾಣ ಬಿರುಸು. 1945ರ ಆಗಸ್ಟ್ 1ರ ರಾತ್ರಿ ಬಾಂಬು ಬಿದ್ದು ಸತ್ತವರ ನೆನಪು ಅದರಲ್ಲಿದೆ. ನಾವೂ ಚಾಪೆ ಹಾಸಿ ನೋಡಿದೆವು. ಪಕ್ಕದಲ್ಲಿ ಕೂತ ಕಾಯಂ ಟೀಚರ್‌ಗೆ ಪೂರ್ತಿ ಸಂಬಳ, ನನಗೆ ಅರ್ಧ, ಬಾಣ ಬಿರುಸು ಇಬ್ಬರಿಗೂ ಒಂದೇ. ಪ್ರತಿ ಮಾರ್ಚ್‌ನಲ್ಲಿ ಒಪ್ಪಂದ ಮುಗಿಯುತ್ತದೆ. ಮುಂದಿನ ವರ್ಷ ಯಾವ ಶಾಲೆ, ಇರುತ್ತೇನೋ ಇಲ್ಲವೋ, ಕೊನೆಯ ವಾರದವರೆಗೆ ಗೊತ್ತಾಗಲ್ಲ. ಮಕ್ಕಳಿಗೆ ಹೋಗಿ ಬರುತ್ತೇನೆ ಅಂತ ಹೇಳಬೇಕೋ ಬೇಡವೋ ಅದೂ ಗೊತ್ತಿಲ್ಲ.

ಇಲ್ಲಿ ನನಗೆ ತಿಂಗಳಿಗೆ 12,500 ರೂಪಾಯಿ. ಅದೂ ತಿಂಗಳಿಗೆ ಸರಿಯಾಗಿ ಬರಲ್ಲ, ಎರಡು ಮೂರು ತಿಂಗಳದ್ದು ಒಟ್ಟಿಗೆ. ಬಳ್ಳಾರಿಯಿಂದ ದಿನಾ ಬಸ್ಸು. ರಜೆಗೆ ಸಂಬಳವಿಲ್ಲ, ಜೂನ್‌ನಲ್ಲಿ ಮತ್ತೆ ಹೊಸದಾಗಿ ಅರ್ಜಿ. ಆದರೆ ಪಾಠ ಮಾಡುವಾಗ ಪಕ್ಕದಲ್ಲಿ ಸುಮ್ಮನೆ ನಿಲ್ಲುವ ಕೆಲಸವಲ್ಲ ಇದು. ಎಂಟು, ಒಂಬತ್ತು, ಹತ್ತು ಮೂರೂ ತರಗತಿಯ ಇಂಗ್ಲಿಷ್ ನನ್ನದೇ. ಯಾವ ಹುಡುಗಿ ಕಣ್ಣು ಕಾಣದೆ ಬೋರ್ಡ್ ತಪ್ಪು ಬರೆಯುತ್ತಾಳೆ, ಯಾರ ಮನೆಯಲ್ಲಿ ಅಪ್ಪ ಕುಡಿಯುತ್ತಾನೆ, ಯಾರಿಗೆ ಕೂಗಿ ಹೇಳಬೇಕು, ಯಾರಿಗೆ ಮೆಲ್ಲಗೆ ಹೇಳಬೇಕು, ಎಲ್ಲಾ ಗೊತ್ತು. ನಾಗಾವೊಕದಲ್ಲಿ ಎರಡು ವರ್ಷದಲ್ಲಿ ಆಗದ್ದು ಇಲ್ಲಿ ಐದು ತಿಂಗಳಲ್ಲಿ ಆಗಿದೆ. ನಾನು ಜಾಣೆ ಅಂತಲ್ಲ, ದಿನಾ ಇರುತ್ತೇನೆ ಅಂತ. ವಿದೇಶಿಯರನ್ನು ಕರೆಸಲು ದುಡ್ಡಿದ್ದರೆ ಆ ದುಡ್ಡಿನಲ್ಲಿ ಖಾಲಿ ಹುದ್ದೆಗೆ ಕಾಯಂ ಮೇಷ್ಟ್ರನ್ನು ಹಾಕಲಿ. ಅದು ನಾನೇ ಆಗಬೇಕೆಂದಿಲ್ಲ. ಬಂದವರು ಮಾರ್ಚ್‌ಗೆ ಗಂಟು ಕಟ್ಟುವಂತಿರಬಾರದು, ಅಷ್ಟೇ.

ಒಬ್ಬ ಹುಡುಗ ಮೊದಲ ವಾರವೇ ಕೇಳಿದ್ದ, ‘ಮೇಡಂ, ನೀವು ಜಪಾನಕ್ಕೆ ಹೋಗಿದ್ರಂತ, ಮತ್ತ ಇಲ್ಲಿಗ್ಯಾಕ ಬಂದ್ರಿ?’ ಅಪ್ಪನಿಗೆ ಹುಷಾರಿಲ್ಲ ಅಂದೆ. ಅವನಿಗೆ ಆ ಉತ್ತರ ಸಾಕಾಗಲಿಲ್ಲ.

ಮೊನ್ನೆ ಅದೇ ಹಳೇ ಪಾಠವನ್ನು ಇಲ್ಲಿ ತಿರುಗಿಸಿ ಮಾಡಿದೆ. ನಾಗಾವೊಕದ ಕೆಂಪು ರಸ್ತೆಯ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಬೋರ್ಡಿಗೆ ಅಂಟಿಸಿದೆ. ಎಲ್ಲಿಯದು ಅಂತ ಹೇಳಲಿಲ್ಲ. ಒಂಬತ್ತನೇ ತರಗತಿ. ‘ತೋರಣಗಲ್ಲು ರೋಡ್ ಮೇಡಂ’ ಅಂತ ನಾಲ್ಕೈದು ಜನ ಒಟ್ಟಿಗೆ ಕೂಗಿದರು. ಸರಿ, ಹಾಗಾದರೆ ಎರಡೂ ಕಡೆ ಬಿಳಿ ಬಿದ್ದಿದೆಯಲ್ಲ, ಅದೇನು ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಹುಡುಗಿ, ‘ಹತ್ತಿ ಲಾರಿ ಬಿದ್ದೈತ್ರಿ’ ಅಂದಳು. ಇಂಗ್ಲಿಷಿನಲ್ಲಿ ಹೇಳು ಅಂದೆ. ಎದ್ದು ನಿಂತು, ಬೆಂಚಿನ ಅಂಚು ಹಿಡಿದು, ಒಂದೊಂದೇ ಮಾತು ಹುಡುಕಿ, ‘ಕಾಟನ್ ಲಾರಿ ಫಾಲ್. ರೋಡ್ ಈಸ್ ರೆಡ್’ ಅಂದಳು.

‘ದ’ ಇಲ್ಲ. ಫಾಲ್ ತಪ್ಪು. ನಾಳೆ ಶನಿವಾರ, ಬೆಳಗಿನ ಶಾಲೆ. ಮೊದಲ ಪಿರಿಯಡ್ ನನ್ನದೇ ಇದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಇತಿ,
ಅತಿಥಿ ಶಿಕ್ಷಕಿ (ಇಂಗ್ಲಿಷ್),
ಕುರುಗೋಡು ತಾಲ್ಲೂಕು, ಬಳ್ಳಾರಿ ಜಿಲ್ಲೆ